ಮೂರನೇ ಮೀಟಿಂಗ್‌ನಲ್ಲಿ ಬಾಯಿಬಿಟ್ಟೆ

ನಾನು ಕುಡಿತ ಬಿಟ್ಟು ಮೂರು ವರ್ಷ ಆಗುತ್ತಾ ಬಂತು. ಅದಕ್ಕೂ ಮುಂಚೆ ಒಬ್ಬನೇ ಎಷ್ಟು ಸಲ ಬಿಟ್ಟಿದ್ದೆನೋ ಲೆಕ್ಕವಿಲ್ಲ. ಒಂದು ಸಲವೂ 11 ದಿನ ದಾಟಲಿಲ್ಲ. ದಾಟಿಸಿದ್ದು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗ್ರೂಪ್. ಅದರ ಮೀಟಿಂಗ್ ಬಾಗಿಲ ತನಕ ಹೋಗಿ ವಾಪಸ್ ಬರುವವರು ಎಷ್ಟೋ ಜನ. ನಾನೂ ಎರಡು ಸಲ ಹಾಗೆ ಬಂದವನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಕುಡಿತ ನಿಂತ ಕೆಲವು ಗಂಟೆಗಳಲ್ಲೇ ಕೈ ನಡುಗಲು ಶುರುವಾಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಅದರ ಆಚೀಚೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುವುದು, ದಿಕ್ಕು ತಪ್ಪಿದ ಹಾಗೆ ಮಾತಾಡುವುದು ಶುರುವಾದರೆ ಜೀವಕ್ಕೇ ಅಪಾಯ. ನನಗೆ ಡಾಕ್ಟರ್ ಕೆಲವು ದಿನಗಳ ಮಾತ್ರೆ, ಜೊತೆಗೆ ಬಿ1 ವಿಟಮಿನ್ ಕೊಟ್ಟರು. "ಇಷ್ಟು ನಾನು ಮಾಡಬಹುದು, ಆಮೇಲಿನದಕ್ಕೆ ಜನ ಬೇಕು" ಅಂದವರೂ ಅವರೇ.

ಅಂಥ ಗ್ರೂಪ್ ಹುಡುಕುವುದು ಕಷ್ಟವಾಗಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, 1935ರಲ್ಲಿ ಅಮೆರಿಕದಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರಿಂದ ಶುರುವಾದದ್ದು. ಈಗ ಎಷ್ಟೋ ದೇಶಗಳಲ್ಲಿದೆ. ಅವರ ವೆಬ್‌ಸೈಟ್‌ನಲ್ಲಿ ಮೀಟಿಂಗ್‌ಗಳ ಪಟ್ಟಿ ಸಿಕ್ಕಿತು. ಪಟ್ಟಿ ನೋಡಿ ಒಂದು ಸಂಜೆ ಹೋದರೆ ಬಾಗಿಲಿಗೆ ಬೀಗ. ಆ ಮೀಟಿಂಗ್ ಜಾಗ ಬದಲಾಗಿತ್ತು. ನನಗೋ ಬೀಗ ನೋಡಿ ಒಳಗೊಳಗೇ ಸಮಾಧಾನ. ಆ ರಾತ್ರಿ ಕುಡಿದೆ. ಅದಕ್ಕೇ ಹೇಳುತ್ತೇನೆ, ಹೊರಡುವ ಮುಂಚೆ ಸಹಾಯವಾಣಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮರುದಿನ ನಾನು ಮಾಡಿದಾಗ ಎತ್ತಿದವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದವರೇ. ಹೆಸರು, ಕೆಲಸ ಏನೂ ಕೇಳಲಿಲ್ಲ. "ಇವತ್ತು ಕುಡಿದಿದ್ದೀರಾ?" ಅಂದರು. ಹೌದು ಅಂದೆ. "ಪರವಾಗಿಲ್ಲ, ಬನ್ನಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ" ಅಂದರು.

ಮೀಟಿಂಗ್‌ನಲ್ಲಿ ಎರಡು ತರಹ. ಓಪನ್ ಮೀಟಿಂಗ್‌ಗೆ ಮನೆಯವರು, ಸ್ನೇಹಿತರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವ ಆಸೆ ಇರುವವರಿಗೆ ಮಾತ್ರ. ಸೇರಲು ಬೇಕಾದದ್ದು ಆ ಆಸೆ ಒಂದೇ. ಫೀಸಿಲ್ಲ. ಒಂದು ಡಬ್ಬಿ ಕೈಯಿಂದ ಕೈಗೆ ಬರುತ್ತದೆ, ಮನಸ್ಸಿದ್ದರೆ ಹಾಕಬಹುದು. ಹೊಸಬನಾದ ನನ್ನ ಹತ್ತಿರ ಬಂದಾಗ ಪಕ್ಕದವರು ಸುಮ್ನೆ ಅದನ್ನು ಮುಂದಕ್ಕೆ ದಾಟಿಸಿದರು.

ಆ ಮೊದಲ ದಿನ ನೆನಪಲ್ಲಿ ಉಳಿದಿರುವುದು ಒಂದು ಲೋಟ ನೀರು. ನನ್ನ ಕೈ ನಡುಗುತ್ತಿತ್ತು. ನೀರು ಕೊಡುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿದರು. ಉಳಿದವರಿಗೆಲ್ಲ ತುಂಬಿ ಕೊಟ್ಟವರು ನನಗೆ ಅರ್ಧ ಲೋಟ ಕೊಟ್ಟರು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಸ್ಥಿತಿ ಅವರಿಗೆ ಬಾಯಲ್ಲಿ ಹೇಳಬೇಕಾಗಲಿಲ್ಲ, ಅಲ್ವಾ?

ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳಿಕೊಂಡರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದೆ, ಅಷ್ಟೇ ಸಾಕಾಯಿತು. ಎರಡನೇ ವಾರ ಬೇರೆ ಗ್ರೂಪ್‌ಗೆ ಹೋದೆ. ಅದು ನನಗೆ ಒಗ್ಗಲಿಲ್ಲ. ಮಾತೆಲ್ಲ ದೇವರ ಸುತ್ತಲೇ ಸುತ್ತಿತು. ಎಎಯಲ್ಲಿ ದೇವರು ಅಂದರೆ ಅವರವರು ತಿಳಿದುಕೊಂಡ ಹಾಗೆ ಅಂತ ಆಮೇಲೆ ಗೊತ್ತಾಯಿತು. ಅದೂ ಒಪ್ಪದವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ಯೋಚನೆ, ಅಭ್ಯಾಸ ಬದಲಾಯಿಸಿಕೊಳ್ಳುವ ಕ್ರಮಗಳ ಮೇಲೆ ಕೆಲಸ ನಡೆಯುತ್ತದೆ. ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಪ್ರತಿ ಗ್ರೂಪಿನ ಗಾಳಿಯೇ ಬೇರೆ.

ಮೂರನೇ ವಾರ ಅರ್ಧ ಲೋಟದವರ ಗ್ರೂಪಿಗೇ ವಾಪಸ್ ಹೋದೆ. ಆ ದಿನ ಬಾಯಿಬಿಟ್ಟೆ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಕುಡಿದು ಹೋದದ್ದನ್ನು ಹೇಳಿದೆ. ಯಾರ ಮುಖದಲ್ಲೂ ಅಸಹ್ಯ ಕಾಣಲಿಲ್ಲ. ಇಬ್ಬರು ತಲೆಯಾಡಿಸಿದರು, ಅವರೂ ಅಂಥದ್ದನ್ನೇ ಮಾಡಿದ್ದವರು. ಆಮೇಲೆ ಆ ಹಿರಿಯರನ್ನೇ ನನ್ನ ಸ್ಪಾನ್ಸರ್ ಆಗಿ ಅಂತ ಕೇಳಿದೆ. ಸ್ಪಾನ್ಸರ್ ಅಂದರೆ ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳನ್ನು ಜೊತೆಗಿದ್ದು ನಡೆಸುವವರು, ಕುಡಿಯಬೇಕು ಅನಿಸಿದಾಗ ಫೋನ್ ಎತ್ತುವವರು. ನನ್ನ ಹೆಂಡತಿ, ಕುಡಿಯುವವರ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಗ್ರೂಪ್‌ಗೆ ಹೋಗತೊಡಗಿದಳು. ಅವಳಿಗೂ ಹೇಳಿಕೊಳ್ಳುವುದು ಬೇಕಾದಷ್ಟಿತ್ತು.

ಐದನೇ ತಿಂಗಳಲ್ಲಿ ಜಾರಿದೆ. ಮೂರು ದಿನ ಕುಡಿದೆ. ಮುಖ ತೋರಿಸುವುದು ಹೇಗೆ ಅಂತ ಎರಡು ವಾರ ಮೀಟಿಂಗ್ ತಪ್ಪಿಸಿದೆ. ನನ್ನ ಮಟ್ಟಿಗೆ ಆ ಮೂರು ದಿನಕ್ಕಿಂತ ಈ ಎರಡು ವಾರವೇ ದೊಡ್ಡ ತಪ್ಪು. ಕೊನೆಗೊಂದು ಸಂಜೆ ತಡವಾಗಿ ಹೋಗಿ ಬಾಗಿಲ ಹತ್ತಿರ ನಿಂತೆ. ಒಳಗೆ ಯಾರೋ ಮಾತಾಡುತ್ತಿದ್ದರು. ಅವರ ಮಾತು ಮುಗಿಯುವವರೆಗೂ ಕಾದು, ಸ್ಪಾನ್ಸರ್ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ಎತ್ತಿ ಕೆಳಗಿಟ್ಟರು. "ಬಂದೆಯಲ್ಲ, ಕೂತ್ಕೋ" ಅಂದರು. ಎರಡು ವಾರವೂ ಆ ಕುರ್ಚಿ ಹಿಡಿದಿಟ್ಟಿದ್ದರಂತೆ.