ಬಿದ್ದುಹೋದ ಕೋಟೆ ಬಾಗಿಲನ್ನು ವಿಆರ್‌ನಲ್ಲಿ ಮತ್ತೆ ನಿಲ್ಲಿಸುವುದು

ಇಡೀ ಊರಿನ ಚರಿತ್ರೆಯನ್ನು ಒಂದು ವಿಆರ್ (ಕಣ್ಣಿಗೆ ಕಟ್ಟಿಕೊಂಡು ಸುತ್ತಲೂ ಕೃತಕ ದೃಶ್ಯ ನೋಡುವ) ಹೆಡ್‌ಸೆಟ್‌ಗೆ ತುರುಕಲು ಹೋಗಬೇಡಿ. ಒಂದು ಜಾಗ, ಒಂದು ಕಾಲ, ನಾಲ್ಕು ನಿಮಿಷ ಸಾಕು. ಈಗ ಬರೀ ಅಡಿಪಾಯ ಉಳಿದಿರುವ ಕೋಟೆ ಬಾಗಿಲನ್ನೇ ತೆಗೆದುಕೊಳ್ಳೋಣ.

ಮೊದಲು ಉಳಿದ ಕಲ್ಲುಗಳ ಫೋಟೋಗ್ರಾಮೆಟ್ರಿ, ಅಂದರೆ ಹಲವು ಫೋಟೋಗಳಿಂದ ಮೂರು ಆಯಾಮದ ಮಾಡೆಲ್ ಕಟ್ಟುವುದು. ಮೋಡ ಕವಿದ ದಿನ ಹೋಗಿ. ಬಿಸಿಲಿನ ನೆರಳು ಮಾಡೆಲ್‌ಗೆ ಅಂಟಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಝೂಮ್ ಮುಟ್ಟದೆ, ಅಪರ್ಚರ್ (ಲೆನ್ಸಿನ ರಂಧ್ರ) ಎಫ್/8ರಲ್ಲಿಟ್ಟು, ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲನ) ಲಾಕ್ ಮಾಡಿ, ಪ್ರತಿ ಚಿತ್ರವೂ ಹಿಂದಿನದನ್ನು ಶೇ 70ರಷ್ಟು ಆವರಿಸುವಂತೆ ಮೂರು ಎತ್ತರಗಳಲ್ಲಿ ಸುತ್ತು ಬನ್ನಿ. ಅಳತೆಪಟ್ಟಿ ಇಡಲು ಮರೆತರೆ ಆಳೆತ್ತರದ ಬಾಗಿಲು ಆಟಿಕೆಯಾಗುತ್ತದೆ. ಲೋಹ, ಗಾಜು ಈ ವಿಧಾನಕ್ಕೆ ಒಗ್ಗವು: ಕ್ಯಾಮೆರಾ ಸರಿದಂತೆ ಹೊಳಪೂ ಸರಿಯುತ್ತದೆ, ಸಾಫ್ಟ್‌ವೇರ್‌ಗೆ ನಿಂತ ಬಿಂದು ಸಿಗದು. ಅವನ್ನು 3ಡಿ ಮಾಡೆಲಿಂಗ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಕೈಯಾರೆ ಕಟ್ಟಬೇಕು.

ಚಿತ್ರಗಳನ್ನು ಮಾಡೆಲ್ ಆಗಿ ಜೋಡಿಸುವ ತಂತ್ರಾಂಶ ಮೆಶ್‌ರೂಮ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರಲಿ. ಅದು ಕೊಡುವ ಲಕ್ಷಾಂತರ ತ್ರಿಕೋನಗಳನ್ನು (ಮಾಡೆಲ್‌ನ ಮೇಲ್ಮೈ ಇವುಗಳಿಂದಲೇ ಆಗಿರುತ್ತದೆ) ಕಂಪ್ಯೂಟರ್ ನೆರವಿಲ್ಲದೆ ನಡೆಯುವ ಸ್ವತಂತ್ರ ಹೆಡ್‌ಸೆಟ್ ಎಳೆಯಲಾರದು. ಇಡೀ ದೃಶ್ಯವನ್ನು 3 ಲಕ್ಷ ತ್ರಿಕೋನಗಳ ಆಸುಪಾಸಿಗೆ ಇಳಿಸಿ, ಉಳಿಯ ಗುರುತಿನಂಥ ಸೂಕ್ಷ್ಮಗಳನ್ನು ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗನ್ನು ಬೆಳಕಿನಾಟದಲ್ಲೇ ತೋರಿಸುವ ಚಿತ್ರಕ್ಕೆ) ಬೇಕ್ ಮಾಡಿ, ಅಂದರೆ ಅಚ್ಚಿಳಿಸಿ. 72 ಹರ್ಟ್ಸ್, ಅಂದರೆ ಸೆಕೆಂಡಿಗೆ 72 ಫ್ರೇಮ್ (ಚಿತ್ರ) ತೋರಿಸಲು ಪ್ರತಿ ಫ್ರೇಮಿಗೆ ಸುಮಾರು 13.9 ಮಿಲಿಸೆಕೆಂಡ್, ಅದು ತಪ್ಪುತ್ತಾ ಹೋದರೆ ತಲೆ ಸುತ್ತುತ್ತದೆ. ಕೈಯಲ್ಲಿನ ಸ್ಟಿಕ್ ಒತ್ತಿ ನೋಡುಗರನ್ನು ದೃಶ್ಯದೊಳಗೆ ನಡೆಸುವುದಂತೂ ಬೇಡವೇ ಬೇಡ. ಕಣ್ಣು ನಡೆಯುತ್ತಿದ್ದು ಕಿವಿಯೊಳಗಿನ ಸಮತೋಲನದ ಅಂಗ ನಿಂತೇ ಇದ್ದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ.

ಬಾಗಿಲಿನ ಮೇಲ್ಭಾಗ ಹೇಗಿತ್ತೆಂಬುದು ಬಹುಪಾಲು ಊಹೆ. ಅದನ್ನು ಮಾಸಲು ಬಣ್ಣದಲ್ಲಿ ತೋರಿಸಿ, ಒಂದು ಗುಂಡಿ ಒತ್ತಿದರೆ ಊಹೆಯ ಭಾಗ ಮಾಯವಾಗುವಂತೆ ಮಾಡಿ. ಯಾವ ಭಾಗಕ್ಕೆ ಯಾವ ಶಾಸನ, ಯಾವ ಹಳೆಯ ಚಿತ್ರ ಆಧಾರ ಎಂದು ಬರೆದಿಡಿ. ಪರಂಪರೆಯ ಕಂಪ್ಯೂಟರ್ ಮರುಸೃಷ್ಟಿಗೆ ಮಾರ್ಗಸೂಚಿಯಾದ ಲಂಡನ್ ಚಾರ್ಟರ್‌ನ 2009ರ ಆವೃತ್ತಿ ಕೇಳುವುದೂ ಇದನ್ನೇ. ನುಣುಪಾದ ಸುಳ್ಳಿಗಿಂತ ಅರೆಬರೆ ಗೋಡೆ ವಾಸಿ.

ಎಲ್ಲ ಸರಿಯಿದ್ದೂ ಇದನ್ನು ಜನರಿಗೆ ತೋರಿಸುವ ಗ್ಯಾಲರಿಯಲ್ಲಿ ಕೈಕೊಡುವುದು ಹೆಚ್ಚು. ತಲೆಯ ಚಲನೆ ಗುರುತಿಸುವ ಹೆಡ್‌ಸೆಟ್‌ನ ಟ್ರ್ಯಾಕಿಂಗ್ ಕ್ಯಾಮೆರಾಗಳಿಗೆ ಬೆಳಕು ಬೇಕು, ವಸ್ತುಸಂಗ್ರಹಾಲಯಗಳೋ ಮಬ್ಬು. ಗಾಜಿನ ಪೆಟ್ಟಿಗೆಗಳ ಪ್ರತಿಬಿಂಬ, ಖಾಲಿ ಬಿಳಿಗೋಡೆ ಎರಡೂ ದಾರಿ ತಪ್ಪಿಸುತ್ತವೆ. 2 ಮೀಟರ್ ಉದ್ದ, 2 ಮೀಟರ್ ಅಗಲದ ಮೂಲೆ ಆರಿಸಿ, ದೀಪ ಹಾಕಿ, ಗೋಡೆಗೆ ಒಂದೆರಡು ಚಿತ್ರಪಟ ತೂಗುಹಾಕಿ. ಕಿಟಕಿ ಬಿಸಿಲು ಹೆಡ್‌ಸೆಟ್‌ನ ಲೆನ್ಸಿಗೆ ಬಿದ್ದರೆ ಪರದೆ ಸುಟ್ಟೀತು. ಲೆನ್ಸನ್ನು ಒಣ ಮೈಕ್ರೋಫೈಬರ್‌ನಿಂದಷ್ಟೇ ಒರೆಸಿ, ಆಲ್ಕೋಹಾಲ್ ಬೇಡ. ಮುಖಕ್ಕೆ ತಾಗುವಲ್ಲಿ ತೊಳೆಯಬಹುದಾದ ಸಿಲಿಕೋನ್ ಹೊದಿಕೆ ಇರಲಿ. ಬ್ಯಾಟರಿ ಎರಡು ಗಂಟೆಯ ಆಸುಪಾಸು ಬರುತ್ತದೆ, ಹಾಗಾಗಿ ಒಂದು ಹೆಡ್‌ಸೆಟ್ ಬಳಕೆಯಲ್ಲಿದ್ದಾಗ ಇನ್ನೊಂದು ಚಾರ್ಜಿನಲ್ಲಿರಬೇಕು.