ಕೆಲಸ ಹಂಚುವಾಗಲೇ ಹೊರೆ ತೋರಿಸುವ ಶೀಟ್

ಯಾರ ಮೇಲೆ ಎಷ್ಟು ಕೆಲಸದ ಹೊರೆ ಬಿದ್ದಿದೆ ಎಂದು ನೋಡಲು ಒಂಬತ್ತು ಜನರ ಸಾಫ್ಟ್‌ವೇರ್ ತಂಡಕ್ಕೆ ದುಬಾರಿ ಟೂಲ್ ಬೇಕಿಲ್ಲ. ನಾನು ಬಳಸುವುದು ಗೂಗಲ್ ಶೀಟ್ಸ್ ಮತ್ತು ಅದಕ್ಕೆ ಚಿಕ್ಕ ಪ್ರೋಗ್ರಾಂ ಬರೆಯಲು ಇರುವ ಆಪ್ಸ್ ಸ್ಕ್ರಿಪ್ಟ್. ಹಾಳೆಗಳು ಮೂರು: ಕೆಲಸ, ರಜೆ, ವಾರದ ಲೆಕ್ಕ. ಕೆಲಸದ ಹಾಳೆಯಲ್ಲಿ ಮಾಡುವವರ ಇಮೇಲ್, ಹಂಚಿದವರ ಇಮೇಲ್, ಅಂದಾಜು ಗಂಟೆ, ಶುರುವಾಗುವ ಮತ್ತು ಮುಗಿಯುವ ದಿನ ಇರುತ್ತವೆ. ಇಮೇಲ್‌ಗೆ ಡ್ರಾಪ್‌ಡೌನ್ (ಪಟ್ಟಿಯಿಂದ ಆರಿಸುವ ಸೌಲಭ್ಯ) ಹಾಕಲೇಬೇಕು. ಕೈಯಲ್ಲಿ ಟೈಪ್ ಮಾಡುವಾಗ ಕೊನೆಗೊಂದು ಸ್ಪೇಸ್ ಉಳಿದರೂ, ಒಬ್ಬೊಬ್ಬರ ಗಂಟೆ ಕೂಡುವ ಸಮ್‌ಇಫ್ಸ್ ಸೂತ್ರ ಅದನ್ನು ಬೇರೆಯವರೆಂದು ಎಣಿಸಿ, ಆ ಗಂಟೆಗಳನ್ನು ಯಾರ ಲೆಕ್ಕಕ್ಕೂ ಸೇರಿಸುವುದಿಲ್ಲ.

ದಿನಕ್ಕೆ ಎಂಟು ಗಂಟೆ ಹಿಡಿದರೆ ಲೆಕ್ಕ ಮೊದಲಲ್ಲೇ ಕೆಡುತ್ತದೆ. ಮೀಟಿಂಗ್, ರಿವ್ಯೂ ಕಳೆದು ನಾನು ಹಿಡಿಯುವುದು ಆರು. ಒಂದು ಹಬ್ಬದ ರಜೆ, ಒಂದು ಸ್ವಂತ ರಜೆ ಬಂದ ವಾರದಲ್ಲಿ ಉಳಿಯುವುದು 3 ದಿನ, 18 ಗಂಟೆ. ಅದರಲ್ಲಿ ಶೇ. 85, ಅಂದರೆ 15.3 ಗಂಟೆ ದಾಟಿದರೆ ಕೆಂಪು ಬಣ್ಣ. ಮಿಕ್ಕಿದ್ದು ದಿಢೀರನೆ ಬರುವ ಬಗ್‌ಗಳಿಗೆ.

ಹೆಚ್ಚು ಎಡವುವುದು ಎರಡು ವಾರಕ್ಕೆ ಚಾಚಿಕೊಂಡ ಕೆಲಸಗಳಲ್ಲಿ. 24 ಗಂಟೆಯ ಕೆಲಸ 8 ದಿನಗಳಿಗೆ ಹರಡಿದ್ದು, ಈ ವಾರಕ್ಕೆ 3 ದಿನ ಬಿದ್ದರೆ, ಈ ವಾರದ ಪಾಲು 9 ಗಂಟೆ. ದಿನ ಎಣಿಸಲು, ವಾರಾಂತ್ಯ ಬಿಟ್ಟು ಕೆಲಸದ ದಿನಗಳನ್ನಷ್ಟೇ ಲೆಕ್ಕ ಹಾಕುವ ನೆಟ್‌ವರ್ಕ್‌ಡೇಸ್ ಸೂತ್ರ ಸಾಕು: ಕೆಲಸ ಶುರುವಾಗುವ ದಿನ ಮತ್ತು ಸೋಮವಾರ, ಇವೆರಡರಲ್ಲಿ ತಡವಾದದ್ದರಿಂದ, ಮುಗಿಯುವ ದಿನ ಮತ್ತು ಶುಕ್ರವಾರ, ಇವೆರಡರಲ್ಲಿ ಮೊದಲು ಬರುವುದರವರೆಗೆ. ಆದರೆ ಆ ವಾರಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಅದು ಮೈನಸ್ ಸಂಖ್ಯೆ ಕೊಡುತ್ತದೆ. ಆ ಮೈನಸ್ ಒಟ್ಟು ಮೊತ್ತವನ್ನು ತಗ್ಗಿಸಿ, ಹೊರೆ ಹೊತ್ತವರನ್ನು ಬಿಡುವಾಗಿರುವಂತೆ ತೋರಿಸುತ್ತದೆ. ಸೂತ್ರವನ್ನು ಮ್ಯಾಕ್ಸ್(0, …) ಒಳಗೆ ಇಡಿ, ಆಗ ಮೈನಸ್ ಬಂದಲ್ಲಿ ಸೊನ್ನೆ ಬರುತ್ತದೆ. ಶನಿವಾರವೂ ಆಫೀಸಿದ್ದರೆ ಶುಕ್ರವಾರದ ಜಾಗಕ್ಕೆ ಶನಿವಾರ ಬರಲಿ, ನೆಟ್‌ವರ್ಕ್‌ಡೇಸ್ ಬದಲು ನೆಟ್‌ವರ್ಕ್‌ಡೇಸ್.ಇಂಟ್ಲ್ ಬಳಸಿ, ಅದಕ್ಕೆ ವಾರಾಂತ್ಯದ ಸಂಖ್ಯೆ 11 (ಭಾನುವಾರ ಮಾತ್ರ ರಜೆ) ಕೊಡಿ. ಎರಡನೇ, ನಾಲ್ಕನೇ ಶನಿವಾರ ರಜೆಯಿದ್ದರೆ ಅವನ್ನು ರಜೆ ಹಾಳೆಯಲ್ಲಿ ಕೈಯಾರೆ ಬರೆಯಬೇಕು.

ಇನ್ನು ಹೊರೆ ಮಿತಿ ದಾಟಿದಾಗ ಹೋಗುವ ಎಚ್ಚರಿಕೆಯ ಮೇಲ್. ಶೀಟ್ ತಿದ್ದಿದಾಗ ತಾನಾಗಿ ಓಡುವ ಸಾಧಾರಣ ಆನ್‌ಎಡಿಟ್‌ಗೆ ಮೇಲ್ ಕಳಿಸುವ ಅನುಮತಿಯಿಲ್ಲ, ಆಪ್ಸ್ ಸ್ಕ್ರಿಪ್ಟ್‌ನ ಟ್ರಿಗರ್ಸ್ ಪುಟದಿಂದ ಟ್ರಿಗರ್ (ಸ್ಕ್ರಿಪ್ಟ್ ಯಾವಾಗ ಓಡಬೇಕೆಂಬ ಸೂಚನೆ) ಇನ್‌ಸ್ಟಾಲ್ ಮಾಡಬೇಕು. ಅದು ಹಾಕಿದವರ ಖಾತೆಯಿಂದಲೇ ಓಡುತ್ತದೆ, ಹಾಗಾಗಿ ಅವರು ಕೆಲಸ ಬಿಡುವ ಮೊದಲು ಬೇರೆಯವರ ಖಾತೆಯಿಂದ ಹೊಸದಾಗಿ ಹಾಕಿಸಿ. ಸ್ಕ್ರಿಪ್ಟ್ ಸೇರಿಸಿದ ಸಾಲುಗಳಿಗೆ ಈ ಟ್ರಿಗರ್ ಏಳುವುದಿಲ್ಲವಾದ್ದರಿಂದ ಬೆಳಗ್ಗೆ 8ರಿಂದ 9ರ ನಡುವೆ ಓಡುವ ಇನ್ನೊಂದನ್ನೂ ಇಟ್ಟಿದ್ದೇನೆ. ಶೀಟ್ ಮತ್ತು ಸ್ಕ್ರಿಪ್ಟ್, ಎರಡರ ಟೈಮ್‌ಜೋನೂ ಕೋಲ್ಕತಾ ಇರಲಿ, ಇಲ್ಲದಿದ್ದರೆ ತಾರೀಕು ಒಂದು ದಿನ ಆಚೀಚೆ ಆಗುತ್ತದೆ.

ಮೇಲ್ ಹೋಗಬೇಕಾದ್ದು ಹಂಚಿದವರಿಗೆ, ಹೊರೆ ಬಿದ್ದವರಿಗಲ್ಲ. ಮಾಡುವವರಿಗೆ ಕಳಿಸಿದರೆ "ಆಗಲ್ಲ ಸಾರ್" ಎನ್ನುವ ಭಾರವೂ ಅವರ ತಲೆಗೇ ಬರುತ್ತದೆ, ಹೊಸಬರಂತೂ ಬಾಯಿ ಬಿಡುವುದಿಲ್ಲ. ನನ್ನ ಮೇಲ್‌ನಲ್ಲಿ ಮೂರೇ ಸಾಲು: ಯಾರಿಗೆ ಯಾವ ವಾರ ಎಷ್ಟು ಗಂಟೆ ಹೆಚ್ಚಾಯಿತು, ಯಾವ ಕೆಲಸದಿಂದ, ಅದೇ ವಾರ ಬಿಡುವಿರುವವರು ಯಾರು.