ಲಂಡನ್‌ನಲ್ಲಿ ಬಾಡಿಗೆ ಮನೆ: ಸ್ಟೇಷನ್ನಿಂದ ಬಾಗಿಲವರೆಗಿನ ದಾರಿ

"ಅಕ್ಕ, ಲಂಡನ್‌ನಲ್ಲಿ ಸೇಫ್ ಏರಿಯಾ ಯಾವ್ದು ಹೇಳಿ. ಬಾಡಿಗೆನೂ ಕಮ್ಮಿ ಇರ್ಬೇಕು."

ಪ್ರತಿ ಆಗಸ್ಟ್‌ನಲ್ಲಿ ಈ ಫೋನ್ ಬರುತ್ತದೆ. ಕೆಲವೊಮ್ಮೆ ಓದಲು ಬರುತ್ತಿರುವ ಹುಡುಗ, ಕೆಲವೊಮ್ಮೆ ಅವನ ತಾಯಿ, ಕೆಲವೊಮ್ಮೆ ಕಂಪನಿ ಕಳಿಸಿಕೊಟ್ಟ ಗಂಡ ಹೆಂಡತಿ. ನಾನು ಬಂದು ಹದಿನಾಲ್ಕು ವರ್ಷ ದಾಟಿತು. ಈಗಲೂ ಈ ಪ್ರಶ್ನೆಗೆ ಒಂದು ಊರಿನ ಹೆಸರನ್ನು ಉತ್ತರವಾಗಿ ಕೊಡಲು ನನಗೆ ಆಗುವುದಿಲ್ಲ. ಇಲ್ಲಿ ಒಂದು ಬೀದಿ ಚೆನ್ನಾಗಿದ್ದರೆ ಅದರ ಹಿಂದಿನ ಬೀದಿ ಬೇರೆಯದೇ ಆಗಿರುತ್ತದೆ. ಬೆಂಗಳೂರಿನಲ್ಲಿ "ಜಯನಗರ" ಎಂದರೆ ಒಂದು ಚಿತ್ರ ಕಣ್ಣ ಮುಂದೆ ಬರುತ್ತದಲ್ಲ, ಲಂಡನ್‌ನ 32 ಬರೋಗಳಲ್ಲಿ (ಸ್ಥಳೀಯ ಆಡಳಿತದ ವಿಭಾಗಗಳು) ಯಾವುದಕ್ಕೂ ಹಾಗೆ ಒಂದೇ ಚಿತ್ರ ಇಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಇದು: ನೀವು ಇಳಿಯುವ ಸ್ಟೇಷನ್ನಿಂದ ಮನೆ ಬಾಗಿಲಿಗೆ ಎಷ್ಟು ನಿಮಿಷದ ನಡಿಗೆ, ಆ ದಾರಿ ಕತ್ತಲಲ್ಲಿ ಹೇಗಿರುತ್ತದೆ?

ನಮ್ಮ ಮೊದಲ ಮನೆಯಲ್ಲಿ ಈ ಪಾಠ ಕಲಿತೆ. 2011ರ ಸೆಪ್ಟೆಂಬರ್. ಸಂಜೆ ಏಳಕ್ಕೆ ಮನೆ ನೋಡಲು ಹೋದಾಗ ಇನ್ನೂ ಬೆಳಕಿತ್ತು. ರೈಲ್ವೆ ಹಳಿಯ ಪಕ್ಕದ ಕಿರುದಾರಿ, ಎರಡೂ ಕಡೆ ಬ್ಲ್ಯಾಕ್‌ಬೆರಿ ಪೊದೆ, ನನ್ನ ಗಂಡ ಅದರ ಫೋಟೊ ತೆಗೆದು ಊರಿಗೆ ಕಳಿಸಿದರು. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದರ ಮಾರನೆಯ ದಿನವೇ ಸಂಜೆ ಐದಕ್ಕೆ ಆ ದಾರಿ ಗವಿಯಂತಾಗಿತ್ತು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ಚಳಿಗಾಲವೆಲ್ಲ ನಾನು ಒಂದೇ ಒಂದು ಸ್ಟಾಪಿಗೋಸ್ಕರ ಬಸ್ಸಿಗೆ ಕಾದು ನಿಂತೆ. ನನಗೆ ಯಾರೂ ಏನೂ ಮಾಡಲಿಲ್ಲ, ಆದರೆ ದಿನಾ ಹೆದರಿಕೊಂಡು ಮನೆ ಸೇರುವುದೂ ಒಂದು ಖರ್ಚೇ.

ಆದ್ದರಿಂದ ಏಜೆಂಟ್ ಹಗಲು ಹನ್ನೊಂದಕ್ಕೆ ಮನೆ ತೋರಿಸಿದರೆ, ಅದೇ ದಿನ ರಾತ್ರಿ ಒಂಬತ್ತಕ್ಕೆ ಒಬ್ಬರೇ ಅಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಇನ್ನೊಮ್ಮೆ ಹೋಗಿ. ಅಂಗಡಿಗಳು ತೆರೆದಿವೆಯೇ, ಬಸ್ ಸ್ಟಾಪಿನಲ್ಲಿ ಹೆಂಗಸರು, ವಯಸ್ಸಾದವರು ನಿಂತಿದ್ದಾರೆಯೇ, ಬೀದಿದೀಪ ಉರಿಯುತ್ತಿವೆಯೇ ನೋಡಿ. ಬೀದಿಯಲ್ಲಿ ಕಸದ ಡಬ್ಬಿ ಉಕ್ಕಿ ಹರಿಯುತ್ತಿದೆಯೇ, ಹಳೇ ಹಾಸಿಗೆ ಬಿದ್ದಿದೆಯೇ ಎಂಬುದೂ ಮಾತಾಡುತ್ತದೆ. ಶುಕ್ರವಾರ ಅಥವಾ ಶನಿವಾರದ ರಾತ್ರಿಯಾದರೆ ಇನ್ನೂ ಒಳ್ಳೆಯದು. ಕೆಳಗೆ ಪಬ್ ಇರುವ ಫ್ಲಾಟು ಮಂಗಳವಾರ ಮಧ್ಯಾಹ್ನ ದೇವಸ್ಥಾನದ ಹಾಗೆ ಶಾಂತವಾಗಿರುತ್ತದೆ.

ಪೊಲೀಸರ ಲೆಕ್ಕವೂ ಎಲ್ಲರಿಗೂ ಸಿಗುತ್ತದೆ. ಪೊಲೀಸ್ ಡಾಟ್ ಯುಕೆ ಎಂಬ ಸರ್ಕಾರಿ ತಾಣದಲ್ಲಿ ಮನೆಯ ಪೋಸ್ಟ್‌ಕೋಡ್ ಹಾಕಿದರೆ ಸುತ್ತಮುತ್ತ ಯಾವ ತಿಂಗಳು ಯಾವ ಅಪರಾಧ ದಾಖಲಾಗಿದೆ ಎಂಬ ನಕ್ಷೆ ಬರುತ್ತದೆ. ಹೊಸಬರು ಅದರ ಒಟ್ಟು ಸಂಖ್ಯೆ ನೋಡಿ ಗಾಬರಿಯಾಗುತ್ತಾರೆ. ಹಾಗೆ ಓದಬೇಡಿ. ಲೆಕ್ಕದಲ್ಲಿ ಅತಿ ಹೆಚ್ಚು ಅಪರಾಧ ಕಾಣುವುದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅಂದರೆ ಪಾರ್ಲಿಮೆಂಟು, ಆಕ್ಸ್‌ಫರ್ಡ್ ಸ್ಟ್ರೀಟು ಇರುವ ಕಡೆ. ದಿನಾ ಲಕ್ಷಗಟ್ಟಲೆ ಜನ ಬಂದು ಹೋಗುವ ಜಾಗ, ಜೇಬುಗಳ್ಳರಿಗೆ ಸುಗ್ಗಿ. ಹಾಗೆಯೇ ನಿಮ್ಮ ಬೀದಿಯ ತುದಿಯಲ್ಲಿ ಸೂಪರ್‌ಮಾರ್ಕೆಟ್ ಇದ್ದರೆ ಅಲ್ಲಿನ ಸಾಮಾನು ಕಳ್ಳತನವೆಲ್ಲ ನಕ್ಷೆಯಲ್ಲಿ ಒಂದೇ ಚುಕ್ಕಿಯ ಮೇಲೆ ರಾಶಿ ಬೀಳುತ್ತದೆ. ಚುಕ್ಕಿ ಕೂಡ ನಿಖರವಾದ ಮನೆಯ ಮೇಲಿರುವುದಿಲ್ಲ, ಆಸುಪಾಸಿನ ಬೀದಿಯ ಮೇಲೆ ಇರುತ್ತದೆ. ನಾನು ನೋಡುವುದು ಎರಡೇ ಬಗೆ: ಬರ್ಗ್ಲರಿ, ಅಂದರೆ ಮನೆಗೆ ನುಗ್ಗಿ ಕದಿಯುವುದು, ಮತ್ತು ರಾಬರಿ, ಅಂದರೆ ಬೆದರಿಸಿ ಕಸಿಯುವುದು. ಇವೆರಡೂ ಒಂದು ತಿಂಗಳಲ್ಲ, ತಿಂಗಳ ಮೇಲೆ ತಿಂಗಳು ಒಂದೇ ಕಡೆ ಕಂಡರೆ ಮಾತ್ರ ಹಿಂದೆ ಸರಿಯುತ್ತೇನೆ. ಇನ್ನು ಎಲೆಕ್ಟ್ರಿಕ್ ಬೈಕಿನಲ್ಲಿ ಬಂದು ಕೈಯಿಂದ ಫೋನ್ ಕಿತ್ತುಕೊಂಡು ಹೋಗುವವರು ಶ್ರೀಮಂತರ ಏರಿಯಾದಲ್ಲೂ ಇದ್ದಾರೆ. ಅದಕ್ಕೆ ಮನೆ ಬದಲಿಸಿ ಪ್ರಯೋಜನವಿಲ್ಲ, ಸ್ಟೇಷನ್ ಹೊರಗೆ ಫೋನ್ ಹಿಡಿದು ಮ್ಯಾಪ್ ನೋಡುತ್ತಾ ನಿಲ್ಲುವುದನ್ನು ಬಿಡಬೇಕು.

ಈಗ ದುಡ್ಡಿನ ಮಾತು. ಇಲ್ಲಿ ಬಾಡಿಗೆಯನ್ನು ಕೆಲವರು ವಾರಕ್ಕೆ, ಕೆಲವರು ತಿಂಗಳಿಗೆ ಹೇಳುತ್ತಾರೆ. ವಾರಕ್ಕೆ 300 ಪೌಂಡ್ ಎಂದರೆ ತಿಂಗಳಿಗೆ 1,200 ಅಲ್ಲ. ವರ್ಷಕ್ಕೆ 52 ವಾರ, ಹನ್ನೆರಡು ತಿಂಗಳಿಗೆ ಹಂಚಿದರೆ 1,300. ನಾವು ಎಂಜಿನಿಯರುಗಳಿಬ್ಬರು ಸೇರಿ ಈ ಲೆಕ್ಕ ತಪ್ಪಿದ್ದೆವು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ದೂರ ಹೋದಷ್ಟೂ ಅಗ್ಗ ಎಂಬುದು ಅರ್ಧ ಸತ್ಯ. ಲಂಡನ್ ರೈಲುಗಳ ದರ ಜೋನ್ ಲೆಕ್ಕದಲ್ಲಿ ನಡೆಯುತ್ತದೆ: ನಟ್ಟನಡುವೆ ಜೋನ್ 1, ಹೀಥ್ರೋ ವಿಮಾನ ನಿಲ್ದಾಣ ಜೋನ್ 6. ಜೋನ್ 3ರ ಬದಲು 5ರಲ್ಲಿ ರೂಮು ಹಿಡಿದು ಬಾಡಿಗೆಯಲ್ಲಿ ನೂರು ಪೌಂಡ್ ಉಳಿಸಿದೆ ಎಂದುಕೊಂಡರೆ, ತಿಂಗಳ ಪಾಸಿನಲ್ಲೇ ಅದರ ಬಹುಪಾಲು ಕೈಬಿಡುತ್ತದೆ, ಮೇಲೆ ದಿನಕ್ಕೆ ಒಂದು ಗಂಟೆ. ಮೂಗಿಗಿಂತ ಮೂಗುತಿ ಭಾರ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರಿಗೆ ಲೆಕ್ಕ ತಿರುಗುತ್ತದೆ, ಅವರು ಧಾರಾಳವಾಗಿ ದೂರ ಹೋಗಬಹುದು. ವಿದ್ಯಾರ್ಥಿಗಳು ಬಸ್ಸನ್ನು ಕಡೆಗಣಿಸುತ್ತಾರೆ. ಬಸ್ಸಿಗೆ ಜೋನ್ ಇಲ್ಲ. ಒಂದು ಸಲ ದುಡ್ಡು ಕಟ್ಟಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ಕಾಲೇಜಿಗೆ ನೇರ ಬಸ್ಸಿರುವ ಕಡೆ ಮನೆ ಸಿಕ್ಕರೆ ಟ್ಯೂಬಿನ, ಅಂದರೆ ನೆಲದಡಿ ರೈಲಿನ, ಹಂಗೇ ಬೇಡ. ಇನ್ನೊಂದು ಸಂಗತಿ, ಜೋನ್ 1ನ್ನು ಹಾಯದೆ ಸುತ್ತಿ ಹೋಗುವ ಪ್ರಯಾಣಕ್ಕೆ ದರ ಕಮ್ಮಿ.

ಬಾಡಿಗೆಯ ಜೊತೆಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ, ಬರುತ್ತದೆ. ಊರಲ್ಲಿ ಕಂದಾಯ ಮನೆ ಓನರ್ ಕಟ್ಟುತ್ತಾರೆ, ಇಲ್ಲಿ ಸಾಮಾನ್ಯವಾಗಿ ಬಾಡಿಗೆದಾರ ಕಟ್ಟಬೇಕು. ಮನೆಗಳಿಗೆ ಎ ಇಂದ ಎಚ್ ವರೆಗೆ ದರ್ಜೆ, ಅದೂ 1991ರ ಬೆಲೆಯ ಮೇಲೆ! ಒಂದೇ ದರ್ಜೆಯ ಮನೆಗೆ ವಾಂಡ್ಸ್‌ವರ್ತ್‌ನಲ್ಲಿ ಕಟ್ಟುವುದಕ್ಕೂ ಕ್ರಾಯ್ಡನ್‌ನಲ್ಲಿ ಕಟ್ಟುವುದಕ್ಕೂ ಅಜಗಜಾಂತರ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ಶೇಕಡಾ 25 ರಿಯಾಯಿತಿ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ವಿನಾಯಿತಿ, ಆದರೆ ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಬೇಕು. ನಾಲ್ಕು ವಿದ್ಯಾರ್ಥಿಗಳ ನಡುವೆ ಒಬ್ಬ ಕೆಲಸಕ್ಕೆ ಹೋಗುವವನು ಸೇರಿಕೊಂಡರೆ ಮನೆಗೆ ಬಿಲ್ ಬರುತ್ತದೆ, ಆ ಜಗಳ ನಾನೇ ಎರಡು ಸಲ ಬಿಡಿಸಿದ್ದೇನೆ.

ಇಷ್ಟಾದ ಮೇಲೆ ಚಳಿ. ಪ್ರತಿ ಮನೆಗೂ ಇಪಿಸಿ ಎಂಬ ಸರ್ಟಿಫಿಕೇಟ್ ಇರುತ್ತದೆ, ಶಾಖ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಎ ಇಂದ ಜಿ ವರೆಗೆ ಅಂಕ. ಬಾಡಿಗೆಗೆ ಕೊಡಲು ಕನಿಷ್ಠ ಇ ಇರಬೇಕು. ಸಿ ಸಿಕ್ಕರೆ ಇಪ್ಪತ್ತು ಪೌಂಡ್ ಜಾಸ್ತಿ ಕೊಟ್ಟಾದರೂ ಹಿಡಿಯಿರಿ. ಮನೆ ನೋಡುವಾಗ ಬೀರುವಿನ ಹಿಂದೆ, ಬಚ್ಚಲಿನ ಮೂಲೆಯಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ ಕಪ್ಪು ಬೂಷ್ಟು ಇದೆಯೇ ನೋಡಿ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಗೋಡೆ ಕಂಡರೆ ಅನುಮಾನ ಪಡಿ. ಅಡುಗೆಮನೆಯಲ್ಲಿ ಹೊಗೆ ಹೊರಗೆ ಹೋಗುವ ಫ್ಯಾನ್ ಇದೆಯೇ ಎಂದು ಸ್ವಿಚ್ ಹಾಕಿಯೇ ನೋಡಿ. ಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗಿಕೊಂಡು ಇಡೀ ಕಟ್ಟಡದ ಜನ ಚಪ್ಪಲಿಯಲ್ಲಿ ಬೀದಿಗೆ ಬಂದು ನಿಂತ ಕಥೆ ಪ್ರತಿ ಕನ್ನಡದ ಮನೆಯಲ್ಲೂ ಒಂದು ಇರುತ್ತದೆ.

ಹೆಸರು ಹೇಳಲೇಬೇಕು ಎಂದು ಹಠ ಹಿಡಿದರೆ, ನನ್ನ ಅನುಭವದ ಮಟ್ಟಿಗೆ ಹೇಳುತ್ತೇನೆ. ಪೂರ್ವದಲ್ಲಿ ಈಸ್ಟ್ ಹ್ಯಾಮ್, ಇಲ್ಫರ್ಡ್: ದಕ್ಷಿಣ ಭಾರತದ ದಿನಸಿ, ಮುರುಗನ್ ದೇವಸ್ಥಾನ, ಕರಿಬೇವು, ನುಗ್ಗೆಕಾಯಿ ಕಾಲ್ನಡಿಗೆಯಲ್ಲಿ. 2022ರಲ್ಲಿ ಎಲಿಜಬೆತ್ ಲೈನ್ ಎಂಬ ರೈಲು ಮಾರ್ಗ ಬಂದ ಮೇಲೆ ಇಲ್ಫರ್ಡ್‌ನಿಂದ ನಗರದ ನಡುವಿಗೆ ಹೋಗುವುದು ಸುಲಭವಾಗಿದೆ, ಬಾಡಿಗೆಯೂ ಅದನ್ನು ಗಮನಿಸಿದೆ. ಆದರೆ ಇಲ್ಲಿ ಒಂದೊಂದು ಮನೆಯಲ್ಲಿ ಕೋಳಿಗೂಡಿನಂತೆ ಜನ ತುಂಬುವವರಿದ್ದಾರೆ. ಬೇರೆ ಬೇರೆ ಕುಟುಂಬದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಮಾಲೀಕರಿಗೆ ಎಚ್‌ಎಂಒ ಲೈಸೆನ್ಸ್ ಕಡ್ಡಾಯ, ಕೌನ್ಸಿಲ್‌ನ ಪಟ್ಟಿಯಲ್ಲಿ ವಿಳಾಸ ಹುಡುಕಿ ನೋಡಬಹುದು. ವಾಯವ್ಯಕ್ಕೆ ಹ್ಯಾರೋ, ವೆಂಬ್ಲಿ: ಗುಜರಾತಿಗಳು ಹೆಚ್ಚು, ಸಂಸಾರಸ್ಥರು ಹೆಚ್ಚು, ರಾತ್ರಿ ಬೇಗ ಮಲಗುವ ಬೀದಿಗಳು. ನಾವೀಗ ಇರುವುದು ಹ್ಯಾರೋ ಕಡೆಯೇ, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಅದನ್ನು ಕಳೆದು ಓದಿ. ಪಶ್ಚಿಮಕ್ಕೆ ಹೌನ್ಸ್ಲೋ: ಬಾಡಿಗೆ ಪರವಾಗಿಲ್ಲ, ಪಿಕಡಿಲಿ ಲೈನ್ ಇದೆ, ಆದರೆ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ, ಬೆಳಗಿನ ಜಾವ ನಾಲ್ಕೂವರೆಯಿಂದಲೇ. ಮನೆ ನೋಡಲು ಹೋದ ಹೊತ್ತಿಗೆ ಸದ್ದಿಲ್ಲ ಎಂದು ನಂಬಬೇಡಿ. ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಹೀಥ್ರೋದವರು ಇಳಿಯುವ ರನ್‌ವೇ ಬದಲಿಸುತ್ತಾರೆ, ಎರಡು ಗಂಟೆಗೆ ಶಾಂತವಿದ್ದ ಮನೆ ನಾಲ್ಕಕ್ಕೆ ನಡುಗುತ್ತದೆ. ದಕ್ಷಿಣಕ್ಕೆ ಕ್ರಾಯ್ಡನ್: ಟ್ಯೂಬ್ ಇಲ್ಲ ಎಂದು ಜನ ಮೂಗು ಮುರಿಯುತ್ತಾರೆ, ಆದರೆ ಈಸ್ಟ್ ಕ್ರಾಯ್ಡನ್ನಿನಿಂದ ವೇಗದ ರೈಲು ಹಿಡಿದರೆ ಲಂಡನ್ ಬ್ರಿಡ್ಜ್ ಇಪ್ಪತ್ತು ನಿಮಿಷದೊಳಗೆ. ಸ್ಲೌ ಅಗ್ಗ ಎನ್ನುವವರಿಗೆ ಒಂದೇ ಮಾತು: ಅದು ಲಂಡನ್ ಜೋನುಗಳ ಆಚೆ, ರೈಲಿನ ದರ ಮೊದಲು ನೋಡಿ.

"ನಮ್ಮವರು ಇರುವ ಕಡೆ" ಹೋಗಬೇಕೇ? ಮೊದಲ ಆರು ತಿಂಗಳಿಗೆ ಹೌದು ಎನ್ನುತ್ತೇನೆ. ಜ್ವರ ಬಂದಾಗ ಗಂಜಿ ತಂದುಕೊಡುವ ಒಬ್ಬರು ಬೇಕು. ಆದರೆ ನಮ್ಮವರ ಮನೆಯಲ್ಲೇ ಒಂದು ರೂಮು ಹಿಡಿಯುವಾಗ ಒಂದು ವಿಷಯ ತಿಳಿದಿರಲಿ. ಮಾಲೀಕರೂ ಅದೇ ಮನೆಯಲ್ಲಿ ಇದ್ದರೆ ಕಾನೂನಿನ ಕಣ್ಣಲ್ಲಿ ನೀವು ಲಾಡ್ಜರ್. ಅಡ್ವಾನ್ಸನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕೆಂಬ ನಿಯಮ ಅಲ್ಲಿ ಅನ್ವಯಿಸುವುದಿಲ್ಲ, ನಿಮ್ಮನ್ನು ಮನೆ ಬಿಡಿಸುವುದೂ ಸುಲಭ. ದಾಕ್ಷಿಣ್ಯ ಬಿಟ್ಟು ಎಲ್ಲವನ್ನೂ ಬರೆಸಿಕೊಳ್ಳಿ. "ನಮ್ಮೋರೇ ಅಲ್ವಾ" ಎಂದು ಬಾಯಿಮಾತಿನಲ್ಲಿ ಕೊಟ್ಟ 600 ಪೌಂಡ್ ನನ್ನ ನಾದಿನಿಗೆ ಇನ್ನೂ ಬಂದಿಲ್ಲ.

ಪೂರ್ತಿ ಮನೆಯಾದರೆ ನಿಯಮ ನಿಮ್ಮ ಕಡೆ ಇದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಮ್ಮಿಯಿದ್ದರೆ ಅಡ್ವಾನ್ಸ್ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ವಾರಕ್ಕೆ 300ರ ಮನೆಗೆ 1,500, ಮುಗಿಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು ಬಂದವರಿಗೆ ಇದು ಸ್ವರ್ಗ. ಆ ದುಡ್ಡನ್ನು 30 ದಿನದೊಳಗೆ ರಕ್ಷಣಾ ಯೋಜನೆಯಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಮನೆ ಕಾಯ್ದಿರಿಸಲು ಒಂದು ವಾರದ ಬಾಡಿಗೆ ಸಾಕು. ರೆಫರೆನ್ಸ್ ಫೀ, ಅಡ್ಮಿನ್ ಫೀ ಎಂದು ಯಾರಾದರೂ ಕೇಳಿದರೆ 2019ರ ಜೂನ್‌ನಿಂದಲೇ ಅದಕ್ಕೆ ನಿಷೇಧವಿದೆ ಎಂದು ನಯವಾಗಿ ಹೇಳಿ. ಇಲ್ಲಿ ಸಂಬಳದ ಚರಿತ್ರೆ ಇಲ್ಲದ ನಮ್ಮಂಥವರಿಂದ ಆರು ತಿಂಗಳ ಬಾಡಿಗೆ ಮೊದಲೇ ಕಟ್ಟಿಸಿಕೊಳ್ಳುವ ಪದ್ಧತಿ ಇತ್ತು. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ, ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಜಾಸ್ತಿ ಕೊಡುತ್ತೇನೆಂದವರಿಗೆ ಹರಾಜು ಹಾಕುವಂತೆಯೂ ಇಲ್ಲ. ಅದರ ಬದಲಿಗೆ ಗ್ಯಾರಂಟರ್ ಕೇಳುತ್ತಾರೆ. ಆ ಸಹಿ ಕೇಳಲು ನನ್ನ ಹತ್ತಿರ ಬಂದರೆ ನಿಮ್ಮ ತಂದೆತಾಯಿಯ ಜೊತೆ ಮಾತಾಡದೆ ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಊರಿನಿಂದಲೇ ಮನೆ ಗೊತ್ತು ಮಾಡಿಕೊಂಡು ವಿಮಾನ ಹತ್ತಬೇಡಿ. ಎರಡು ಮೂರು ವಾರಕ್ಕೆ ಎಲ್ಲಾದರೂ ತಾತ್ಕಾಲಿಕವಾಗಿ ಇಳಿದುಕೊಳ್ಳಿ, ಒಬ್ಬರೇ ಬರುವ ವಿದ್ಯಾರ್ಥಿಗಳು ಮೊದಲ ವರ್ಷ ಯೂನಿವರ್ಸಿಟಿ ಹಾಸ್ಟೆಲ್ಲಿಗೇ ಪ್ರಯತ್ನಿಸಿ. "ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ" ಎನ್ನುವವರು ಮನೆ ಓನರ್ ಅಲ್ಲ, ಕಳ್ಳರು. ನೋಡದ ಮನೆಗೆ ಒಂದು ಪೌಂಡ್ ಕೂಡ ಬೇಡ. ಅನುಮಾನವಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕಟ್ಟಿದರೆ ಮನೆ ಯಾರ ಹೆಸರಿನಲ್ಲಿದೆ ಎಂಬ ದಾಖಲೆ ಕೈಗೆ ಬರುತ್ತದೆ, ನಮ್ಮ ಕಡೆಯ ಇಸಿ ತೆಗೆಸಿದ ಹಾಗೆ.

ಮಕ್ಕಳಿರುವವರು ಮನೆಗಿಂತ ಮೊದಲು ಶಾಲೆ ನೋಡಬೇಕು, ಏಕೆಂದರೆ ಸರ್ಕಾರಿ ಶಾಲೆಗಳಲ್ಲಿ ಸೀಟು ಬಹುಪಾಲು ಮನೆಯ ದೂರದ ಮೇಲೆ ಸಿಗುತ್ತದೆ. ಪ್ರೈಮರಿಗೆ ಅರ್ಜಿ ಹಾಕಲು ಜನವರಿ 15 ಕೊನೆಯ ದಿನ.

ಕೀ ಕೈಗೆ ಬಂದ ದಿನ ಪೆಟ್ಟಿಗೆ ಬಿಚ್ಚುವ ಮೊದಲು ಪ್ರತಿ ಗೋಡೆ, ಕಾರ್ಪೆಟ್ಟಿನ ಪ್ರತಿ ಕಲೆ, ಒಲೆಯ ಒಳಗಿನ ಜಿಡ್ಡು, ಗ್ಯಾಸ್ ಮತ್ತು ಕರೆಂಟು ಮೀಟರಿನ ಅಂಕಿ ಎಲ್ಲವನ್ನೂ ವಿಡಿಯೊ ಮಾಡಿ, ಏಜೆಂಟಿಗೆ ಅವತ್ತೇ ಈಮೇಲ್ ಹಾಕಿ. ಹಾಲು ಉಕ್ಕಿಸುವುದು ಅದಾದ ಮೇಲೆ. ಇಲ್ಲದಿದ್ದರೆ ಆ ಹಾಲಿನ ಕಲೆಗೂ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ.